ಸ್ವಲ್ಪ ಜುಮ್ ಅನ್ನುತ್ತೆ, ಅಷ್ಟೇ

ಅವಳಿಗೆ ವೈರಮ್ಮ ಎಂದು ಹೆಸರಿಟ್ಟವನು ಎಲೆಕ್ಟ್ರಿಕಲ್ ಅಂಗಡಿಯ ಮುದುಕ. ಹೆಗಲಿಗೆ ವೈರಿನ ಸುರುಳಿ ಏರಿಸಿಕೊಂಡು ಮೆಟ್ಟಿಲಿಳಿಯುತ್ತಿದ್ದವಳನ್ನು ಒಂದು ದಿನ ತಮಾಷೆಗೆ ಹಾಗೆ ಕೂಗಿದ. ಹೆಸರು ಊರಿಗೆಲ್ಲ ಹಬ್ಬಿತು. ಅದರೊಳಗೆ ಇನ್ನೊಂದು ಮಾತು ಕೂತಿದೆ ಎಂಬುದು ಪಾಪ, ಮುದುಕನಿಗೆ ಹೊಳೆದಿರಲಿಲ್ಲ. ಅವಳಿಗೆ ಹೊಳೆಯಿತು. ಆ ದಿನ ಮನೆಗೆ ಬಂದು ಬಾಗಿಲು ಹಾಕಿಕೊಂಡು ಬಹಳ ಹೊತ್ತು ನಕ್ಕಳು. ಅವಳು ವೈರು ಹಿಡಿದದ್ದೇ ವೈರಕ್ಕಾಗಿ. ಅದು ಯಾರ ಮೇಲಿನ ವೈರ ಎಂಬುದನ್ನು ಅಮ್ಮನಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿರಲಿಲ್ಲ.

ಕೆಲಸದಲ್ಲಿ ಅವಳದು ಒಂದು ಕ್ರಮ. ಫೋನು ಬಂದರೆ ಮೊದಲು ಮೂರು ಪ್ರಶ್ನೆ: ಸುಟ್ಟ ವಾಸನೆ ಬರುತ್ತಿದೆಯೇ, ಬಿಸಿಯಾಗಿದೆಯೇ, ಮುಟ್ಟಿದರೆ ಹೊಡೆಯುತ್ತದೆಯೇ? ಮೂರಕ್ಕೂ ಇಲ್ಲವೆಂದರೆ ಫೋನಿನಲ್ಲೇ ದಾರಿ ಹೇಳುತ್ತಾಳೆ. ಬಲ್ಬು ಮಿಣುಕುತ್ತಿದ್ದರೆ ಸ್ವಿಚ್ ಆರಿಸಿ ಹೋಲ್ಡರಿನಲ್ಲಿ ಸರಿಯಾಗಿ ಕೂರಿಸಿ ನೋಡಿ. ಟ್ರಿಪ್ ಸ್ವಿಚ್ ಬಿದ್ದಿದ್ದರೆ ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತು ಒಂದು ಸಲ ಎತ್ತಿ ನೋಡಿ. ನಿಂತರೆ ಸಂತೋಷ, ನನ್ನನ್ನು ಮರೆತುಬಿಡಿ. ಮತ್ತೆ ಬಿದ್ದರೆ ಮುಟ್ಟಬೇಡಿ, ನಾನು ಬರುವವರೆಗೆ ಕತ್ತಲಲ್ಲಿ ಕೂತಿರಿ. ಕತ್ತಲಿಗೆ ಯಾರೂ ಸತ್ತಿಲ್ಲ. ಹೀಗೆ ತನ್ನ ಕೈಗೆ ಬಂದ ಕೆಲಸವನ್ನು ತಾನೇ ಕಳೆದುಕೊಳ್ಳುವವಳನ್ನು ನೋಡಿ ಅಂಗಡಿಯ ಮುದುಕ ಹಣೆ ಚಚ್ಚಿಕೊಳ್ಳುತ್ತಿದ್ದ.

ಆದರೆ ಮೂರನೆಯ ಪ್ರಶ್ನೆಗೆ ಯಾರಾದರೂ, “ಹೊಡೆಯೋದೇನೂ ಇಲ್ಲ, ಸ್ವಲ್ಪ ಜುಮ್ ಅನ್ನುತ್ತೆ, ಅಷ್ಟೇ” ಎಂದರೆ ಮುಗಿಯಿತು. ತಟ್ಟೆಯ ಮುಂದೆ ಕೂತಿದ್ದರೂ ಕೈ ತೊಳೆದು ಎದ್ದುಬಿಡುತ್ತಿದ್ದಳು. ಈ ಜುಮ್ ಎಂಬ ಮಾತಿನಷ್ಟು ಕೆಟ್ಟ ಮಾತು ಅವಳ ಪ್ರಕಾರ ಇನ್ನೊಂದಿಲ್ಲ. ಕರೆಂಟು ಹೊಡೆಯಿತು ಎಂದರೆ ಯಾರಾದರೂ ಹೆದರುತ್ತಾರೆ, ಯಾರನ್ನಾದರೂ ಕರೆಸುತ್ತಾರೆ. ಜುಮ್ ಎಂದರೆ ನಗುತ್ತಾರೆ. ಫ್ರಿಜ್ಜಿನ ಬಾಗಿಲನ್ನು ಬಟ್ಟೆಯಲ್ಲಿ ಹಿಡಿದು ತೆಗೆಯುವುದನ್ನು ಕಲಿಯುತ್ತಾರೆ, ಬಟ್ಟೆ ಒಗೆಯುವ ಯಂತ್ರದ ಮುಂದೆ ಒಂದು ಹಲಗೆ ಹಾಕಿ ಅದರ ಮೇಲೆ ನಿಲ್ಲುತ್ತಾರೆ, ಮನೆಗೆ ಬಂದ ನೆಂಟರಿಗೂ ಆ ಹಲಗೆ ತೋರಿಸಿಕೊಡುತ್ತಾರೆ. ಸಾವನ್ನು ಸಾಕುಪ್ರಾಣಿಯ ಹಾಗೆ ಮನೆಯಲ್ಲಿ ಇಟ್ಟುಕೊಳ್ಳುವುದೆಂದರೆ ಇದೇ.

ಇಂಥ ಎಲ್ಲ ಮನೆಗಳಲ್ಲೂ ಒಬ್ಬ ಜಾಣ ಇರುತ್ತಾನೆ. ಹಾರಿಹೋದ ಫ್ಯೂಸಿಗೆ ದಪ್ಪ ತಂತಿ ಸುತ್ತಿ, ಇನ್ನು ಅದರಪ್ಪನಾಣೆ ಹಾರುವುದಿಲ್ಲ ಎಂದು ಮೀಸೆ ತಿರುವುವವನು. ವೈರಮ್ಮನ ಅಕ್ಕನ ಗಂಡ ಇಂಥ ಜಾಣರಿಗೆಲ್ಲ ಗುರು. ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆಯನ್ನು ದಿನಕ್ಕೆರಡು ಸಲವಾದರೂ ಹೇಳುತ್ತಿದ್ದ. ಮನೆಯೊಳಗೆ ಕೆಲಸದವನೊಬ್ಬ ಕಾಲಿಟ್ಟರೆ ತನ್ನ ಗಂಡಸುತನಕ್ಕೇ ಕುಂದು ಎಂದು ತಿಳಿದವನು. ಬಚ್ಚಲಿಗೆ ನೀರು ಕಾಯಿಸುವ ಗೀಸರ್ ತಂದಾಗ ಅದರ ಪ್ಲಗ್ಗಿಗೆ ಮೂರು ಪಿನ್ನಿತ್ತು, ಗೋಡೆಯ ಸಾಕೆಟ್ಟಿಗೆ ಎರಡೇ ತೂತು. ಸಾಕೆಟ್ಟು ಬದಲಿಸಿ ಅರ್ಥಿಂಗ್ ಎಳೆಸಬೇಕಾದರೆ ಎಲೆಕ್ಟ್ರಿಶಿಯನ್ ಬರಬೇಕು. ಭಾವ ಗರಗಸ ತಂದ. ಮೂರನೆಯ ಪಿನ್ನನ್ನು ಕೊಯ್ದು ಎಸೆದು, ಉಳಿದೆರಡನ್ನು ಅಮುಕಿ ಅಮುಕಿ ತುರುಕಿ, “ಆಯ್ತು ನೋಡು” ಎಂದು ಕೈ ಕೊಡವಿದ. ಒಳಗಿನ ಕರೆಂಟು ಗೀಸರಿನ ಮೈಗೋ ನೀರಿಗೋ ಸೋರಿದರೆ ಅದು ನೆಲಕ್ಕಿಳಿಯುವ ಒಂದೇ ದಾರಿ ಆ ಪಿನ್ನು. ದಾರಿ ಇಲ್ಲದಿದ್ದರೆ ಅದು ನಲ್ಲಿ ಮುಟ್ಟಿದವರ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ.

ಅಕ್ಕನ ಮೈಯನ್ನು ಮಾಡಿಕೊಂಡಿತು. ಮದುವೆಯಾಗಿ ಮೂರನೆಯ ವರ್ಷ, ಬೆಳಿಗ್ಗೆ ಒಂಬತ್ತು ಗಂಟೆಗೆ.

ಆಗ ವೈರಮ್ಮನಿಗೆ ಹದಿನೆಂಟು. ಸುದ್ದಿ ಕೇಳಿ ಅಮ್ಮನ ಹಿಂದೆ ಓಡಿದವಳು, ಎಲ್ಲರೂ ಅಕ್ಕನ ಸುತ್ತ ಗೋಳಾಡುತ್ತಿದ್ದಾಗ ಬಚ್ಚಲ ಬಾಗಿಲಲ್ಲಿ ನಿಂತು ಗೋಡೆ ನೋಡಿದಳು. ಪ್ಲಗ್ಗನ್ನು ಯಾರೋ ಕಿತ್ತಿದ್ದರು, ಅದು ವೈರಿನ ತುದಿಯಲ್ಲಿ ನೇತಾಡುತ್ತಿತ್ತು. ಎರಡು ಪಿನ್ನು, ಮೂರನೆಯದರ ಜಾಗದಲ್ಲಿ ಹಿತ್ತಾಳೆಯ ಮೊಂಡು, ಅದರ ಮೇಲೆ ಗರಗಸದ ಗೆರೆ. ಮಧ್ಯಾಹ್ನ ವಿಚಾರಣೆಗೆಂದು ಅಧಿಕಾರಿಗಳು ಬಂದಾಗ ಅದೇ ಗೋಡೆಯಲ್ಲಿ ಮೂರು ತೂತಿನ ಹೊಸ ಸಾಕೆಟ್ಟಿತ್ತು, ಅದರಲ್ಲಿ ಮೂರು ಪಿನ್ನಿನ ಹೊಸ ಪ್ಲಗ್ಗು ಮದುವಣಿಗನಂತೆ ಕೂತಿತ್ತು. ಭಾವ ಕಣ್ಣೊರೆಸಿಕೊಂಡು, ಅವಳಿಗೆ ಮರೆವು ಜಾಸ್ತಿ, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡವೆಂದು ನೂರು ಸಲ ಹೇಳಿದ್ದೆ ಎಂದ. ಪಿನ್ನಿನ ಮಾತೆತ್ತಿದ ವೈರಮ್ಮನನ್ನು ಯಾರೋ ಹಿರಿಯರು ದುಃಖದಲ್ಲಿ ಏನೇನೋ ಬಡಬಡಿಸುತ್ತಿದ್ದಾಳೆ ಎಂದು ಪಕ್ಕಕ್ಕೆ ಎಳೆದರು. ಎಲ್ಲಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು. ಅಮ್ಮ ಅಳಿಯನ ಮುಂದೆ ಕೈ ಮುಗಿದು, “ನನ್ನ ಮಗಳಿಗೆ ಬುದ್ಧಿ ಸಾಲದೇ ಹೋಯ್ತು, ನಿಮಗೆ ಈ ಗತಿ ತಂದಳು” ಎಂದು ಅತ್ತಳು.

ಸತ್ತವಳೇ ತಪ್ಪಿತಸ್ಥಳಾದಳು. ಅಮ್ಮನ ಆ ಮುಗಿದ ಕೈ ವೈರಮ್ಮನ ಕಣ್ಣಿನಿಂದ ಇಳಿಯಲಿಲ್ಲ. ತಪ್ಪು ತನ್ನದೆಂದು ಅವನು ಸ್ವಂತ ಬಾಯಿಂದ ಅಮ್ಮನಿಗೆ ಹೇಳಬೇಕು. ಅಲ್ಲಿಯವರೆಗೆ ಬಿಡುವುದಿಲ್ಲ ಎಂದು ಅವತ್ತೇ ಹಲ್ಲು ಕಚ್ಚಿ ನಿಶ್ಚಯಿಸಿದಳು. ಅವನು ಸುಳ್ಳು ಹೇಳಿದ್ದು ಕರೆಂಟಿನ ಭಾಷೆಯಲ್ಲಿ, ಆ ಭಾಷೆ ಕಲಿಯದೆ ಅವನ ಬಾಯಿ ಮುಚ್ಚಿಸುವಂತಿರಲಿಲ್ಲ. ಕಲಿತಳು. ಎಲೆಕ್ಟ್ರಿಶಿಯನ್ ತರಗತಿಯಲ್ಲಿ ಅವಳೊಬ್ಬಳೇ ಹೆಣ್ಣು. ಏಣಿ ಹತ್ತಿದಾಗ ಕೆಳಗೆ ನಿಂತು ಹಲ್ಲು ಕಿರಿದವರು, ನಿನ್ನ ಗಂಡ ಬರಲಿಲ್ಲವೇ ಎಂದು ಬಾಗಿಲಲ್ಲೇ ಕೇಳಿದವರು, ಎಲ್ಲರನ್ನೂ ಸಹಿಸಿದಳು. ಮದುವೆ ಬೇಡವೆಂದಳು. ಇಪ್ಪತ್ತೆರಡು ವರ್ಷ ಕಳೆಯಿತು. ಭಾವ ಮತ್ತೆ ಮದುವೆಯಾದ, ಅದೇ ಮನೆಯಲ್ಲಿದ್ದ, ಮಗಳೊಬ್ಬಳು ಹುಟ್ಟಿದ್ದಳು. ಆ ಬೀದಿಯ ಹತ್ತಾರು ಮನೆಗಳ ಕೆಲಸವನ್ನು ವೈರಮ್ಮ ಮುತುವರ್ಜಿಯಿಂದ ಮಾಡಿಕೊಟ್ಟಳು, ಒಂದು ಮನೆ ಬಿಟ್ಟು. ತಾನೇ ಹೋಗಿ ಬಾಗಿಲು ತಟ್ಟಿದರೆ ಅವನು ಮುಖದ ಮೇಲೇ ಹಾಕುತ್ತಾನೆ. ಕರೆ ಅವನ ಮನೆಯಿಂದಲೇ ಬರಬೇಕು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದುಕೊಂಡು ಕಾದಳು.

ಅಮ್ಮನ ಹತ್ತಿರ ಈ ಮಾತೆತ್ತಿದರೆ ಅಮ್ಮ, ಸತ್ತವಳು ಬರುತ್ತಾಳೇನೇ, ಬಿಟ್ಟುಬಿಡು ಎಂದು ಎದ್ದು ಹೋಗುತ್ತಿದ್ದಳು. ಅಳಿಯನ ಮೇಲೆ ಒಂದು ಕೆಟ್ಟ ಮಾತೂ ಆಡಿದವಳಲ್ಲ. ಅಮ್ಮನ ಈ ಸಾಧುತನ ಕಂಡರೆ ವೈರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಫೋನು ಬಂತು. ಹೆಂಗಸಿನ ಧ್ವನಿ, ತಗ್ಗಿದ ಧ್ವನಿ. ಗೀಸರಿನ ನಲ್ಲಿ ಮುಟ್ಟಿದರೆ ಸ್ವಲ್ಪ ಜುಮ್ ಅನ್ನುತ್ತದೆ, ಯಜಮಾನರು ಹೊರಗೆ ಹೋಗಿದ್ದಾರೆ, ಊಟಕ್ಕೆ ಬರುವುದರೊಳಗೆ ಬಂದು ನೋಡಿಹೋಗಲು ಆಗುತ್ತದೆಯೇ ಎಂದಿತು. ವೈರಮ್ಮ ವಿಳಾಸ ಕೇಳಿದಳು. ಆ ಕಡೆಯವಳು ಬೀದಿ, ಮನೆಯ ನಂಬರು ಹೇಳಿ, ಗೊತ್ತಾಯಿತೇ ಎಂದು ಕೇಳಿದಳು. ಗೊತ್ತಾಯಿತು ಎಂದಳು ವೈರಮ್ಮ. ಫೋನು ಇಟ್ಟವಳೇ ಚೀಲ ಹೆಗಲಿಗೇರಿಸಿಕೊಂಡು ಹೊರಟಳು.

ಬಾಗಿಲು ತೆಗೆದ ಎರಡನೆಯ ಹೆಂಡತಿ ಮೆತ್ತಗಿನ ಸ್ವಭಾವದವಳು. ಹಜಾರದ ದೀಪ ಹಾಕುವ ಮೊದಲು ಕೈಯನ್ನು ಸೆರಗಿಗೆ ಎರಡೆರಡು ಸಲ ಒರೆಸಿಕೊಂಡಳು. ಕೈಯೇನೂ ಒದ್ದೆಯಾಗಿರಲಿಲ್ಲ. ವೈರಮ್ಮ ನೋಡಿದ್ದನ್ನು ನೋಡಿ ನಾಚಿಕೊಂಡು, ಇವರ ಮೊದಲ ಹೆಂಡತಿ ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿಯೇ ಹೋದರಂತೆ, ಮದುವೆಯಾದ ದಿನವೇ ಹೇಳಿದ್ದರು, ಅದಕ್ಕೇ ಹುಷಾರಾಗಿರುತ್ತೇನೆ ಎಂದಳು. ಆಮೇಲೆ ಇನ್ನೊಂದು ಮಾತು ಸೇರಿಸಿದಳು: “ನನಗೆ ಮಾತ್ರ ಆಗಿದ್ರೆ ಹೇಗೋ ನಡೀತಿತ್ತು. ನಿನ್ನೆ ಮಗಳಿಗೆ ಹೊಡೀತು. ಅದಕ್ಕೇ ಅವರಿಗೆ ಹೇಳದೆ ನಿಮ್ಮನ್ನ ಕರೆದೆ.”

ಬಚ್ಚಲಲ್ಲಿ ಗೀಸರ್ ಹೊಸದು. ಗೋಡೆಯ ಸಾಕೆಟ್ಟು ಮಾತ್ರ ಅದೇ, ಹಳದಿಗಟ್ಟಿದ್ದ ಅದೇ ಮೂರು ತೂತು. ವೈರಮ್ಮ ರಬ್ಬರ್ ಕೈಗವಸು ಹಾಕಿಕೊಂಡು ಮೇನ್ ಆರಿಸಿದಳು, ಸಾಕೆಟ್ಟಿನ ಸ್ಕ್ರೂ ಬಿಚ್ಚಿ ಹೊರಗೆಳೆದಳು. ಹಿಂದೆ ಎರಡೇ ವೈರು. ಮೂರನೆಯ ತೂತಿನ ಬೆನ್ನಿಗೆ ಏನೂ ಇರಲಿಲ್ಲ. ಅರ್ಥಿಂಗಿನ ಹಸಿರು ವೈರಿನ ಒಂದು ತುಣುಕೂ ಇಲ್ಲ, ಅಲ್ಲಿನ ಸ್ಕ್ರೂವನ್ನು ಯಾರೂ ತಿರುಗಿಸಿಯೇ ಇರಲಿಲ್ಲ. ಅವತ್ತು ಅಧಿಕಾರಿಗಳ ಕಣ್ಣಿಗೆ ಕಾಣಲೆಂದು ಮುಖ ಬದಲಿಸಿದ್ದ, ಅಷ್ಟೇ. ಅರ್ಥಿಂಗ್ ಇಲ್ಲದ ಸಾಕೆಟ್ಟು, ಅರ್ಥವಿಲ್ಲದ ಸಂಸಾರ. ಸೋರಿಕೆಯಾದರೆ ತಾನಾಗಿ ಬೀಳುವ ಟ್ರಿಪ್ ಸ್ವಿಚ್ಚನ್ನೂ, ಪದೇ ಪದೇ ಬೀಳುತ್ತದೆ ಎಂದು ಒಂದು ತುಂಡು ವೈರಿನಿಂದ ದಾಟಿಸಿ ಕಟ್ಟಿದ್ದ. ಹೆಂಡತಿಯನ್ನು ಕಳೆದುಕೊಂಡೂ ಬುದ್ಧಿ ಕಲಿಯದವನನ್ನು ಏನೆಂದು ಕರೆಯುವುದು? ವೈರಮ್ಮನಿಗೆ ಗೊತ್ತಿದ್ದ ಬೈಗುಳಗಳು ಸಾಲಲಿಲ್ಲ.

ಎಲ್ಲ ಇದ್ದ ಹಾಗೆಯೇ ಜೋಡಿಸಿ ಮತ್ತೆ ಮೇನ್ ಹಾಕಿದಳು. ಟೆಸ್ಟರಿನ ತುದಿಯನ್ನು ನಲ್ಲಿಗೆ ತಾಗಿಸಿದಾಗ ಅದರ ಹಿಡಿಯೊಳಗಿನ ಪುಟ್ಟ ದೀಪ ಕೆಂಪಗೆ ಹತ್ತಿತು. ಕರೆಂಟು ನಲ್ಲಿಯವರೆಗೂ ಬಂದು ಕೂತಿತ್ತು. ಇದನ್ನು ಹೀಗೇ ಬಿಟ್ಟು ಎದ್ದು ಹೋದರೆ ಎಂಬ ಯೋಚನೆ ಅವಳಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಆದರೆ ಈ ಬಚ್ಚಲಿಗೆ ಮೊದಲು ಬರುವವರು ತಾಯಿ ಮಗಳು. ಈ ಥರದ ಮನೆಗಳಲ್ಲಿ ಜಾಣರು ಮಾಡಿದ್ದನ್ನು ಉಣ್ಣುವವರು ಬೇರೆಯವರೇ. ಹಾಗಾಗಿ ಅವಳು ಬಚ್ಚಲ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಳು, ಯಾರನ್ನೂ ಒಳಗೆ ಬಿಡಲಿಲ್ಲ. ಯಜಮಾನರು ಬರಲಿ, ತೋರಿಸಬೇಕಾದ್ದಿದೆ ಎಂದಳು.

ಭಾವ ಬಂದ. ತಲೆ ಬೋಳಾಗಿತ್ತು, ಹೊಟ್ಟೆ ಬಂದಿತ್ತು, ನಾಲಿಗೆ ಮಾತ್ರ ಹಾಗೇ ಇತ್ತು. ಟೋಪಿ ಹಾಕಿ ಕೈಗವಸು ತೊಟ್ಟ ನಲವತ್ತರ ಹೆಂಗಸಿನಲ್ಲಿ ಅವನಿಗೆ ಯಾವ ಗುರುತೂ ಸಿಗಲಿಲ್ಲ. ಹೆಂಡತಿಯನ್ನು ಗದರಿಸಿದ, ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕ. ಈ ಮನೆಯ ಪ್ರತಿಯೊಂದು ವೈರನ್ನೂ ತಾನೇ ಎಳೆದದ್ದು, ಇವತ್ತಿನವರೆಗೆ ಯಾರ ಕೈಯನ್ನೂ ಕಾಯಲಿಲ್ಲ, ಹೆದರಿಸಿ ಕೆಲಸ ಗಿಟ್ಟಿಸುವವರ ಆಟ ತನಗೆ ಗೊತ್ತು ಎಂದ. ಕೊನೆಗೆ ಅವಳು ಕಾಯುತ್ತಿದ್ದ ಮಾತನ್ನೂ ಹೇಳಿದ.

“ಸ್ವಲ್ಪ ಜುಮ್ ಅನ್ನುತ್ತೆ, ಅಷ್ಟೇ. ಅದಕ್ಕೆಲ್ಲ ಯಾರೂ ಸಾಯಲ್ಲ.”

ವೈರಮ್ಮ ಸ್ಟೂಲಿನಿಂದ ಎದ್ದು ಬಾಗಿಲು ಬಿಟ್ಟು ನಿಂತಳು.

“ಹಾಗಾದ್ರೆ ಚಪ್ಪಲಿ ಬಿಟ್ಟು ಮುಟ್ಟಿ ಭಾವ.”

ಭಾವ ಎಂಬ ಆ ಒಂದು ಮಾತು ಅವನ ಮುಖದ ಮೇಲೆ ನಿಧಾನವಾಗಿ ಇಳಿಯಿತು. ಅವನ ನಗು ಅರ್ಧಕ್ಕೇ ನಿಂತಿತು. ಎರಡನೆಯ ಹೆಂಡತಿ ಒಮ್ಮೆ ಅವನನ್ನೂ ಒಮ್ಮೆ ಇವಳನ್ನೂ ನೋಡಿದಳು. ವೈರಮ್ಮ ಟೋಪಿ ತೆಗೆದು, ತಾನು ಇವರ ಮೊದಲ ಹೆಂಡತಿಯ ತಂಗಿ ಎಂದು ಅವಳಿಗೆ ಹೇಳಿದಳು. ಆಮೇಲೆ ಮತ್ತೆ ಅವನ ಕಡೆಗೆ ತಿರುಗಿ, ಮುಟ್ಟಿ ಎಂದಳು.

ಜಂಬದವನಿಗೆ ಹಿಂದೆ ಸರಿಯುವುದು ಬರುವುದಿಲ್ಲ. ಹೆಂಡತಿ ನೋಡುತ್ತಿದ್ದಾಳೆ. ಚಪ್ಪಲಿ ಬಿಟ್ಟ, ಒದ್ದೆ ನೆಲದ ಮೇಲೆ ಕಾಲಿಟ್ಟ, ಕೈ ಚಾಚಿದ. ಮೇನ್ ಆನ್ ಆಗಿಯೇ ಇತ್ತು. ಎಲೆಕ್ಟ್ರಿಶಿಯನ್ ಆದವಳು ಕನಸಿನಲ್ಲೂ ಮಾಡಬಾರದ ಕೆಲಸವದು. ವೈರಮ್ಮನಿಗೆ ಅದು ಗೊತ್ತಿತ್ತು, ಗೊತ್ತಿದ್ದೂ ಅಲ್ಲಾಡದೆ ನಿಂತಿದ್ದಳು. ಮುಟ್ಟಲಿ ಎಂದೇ ಅವಳ ಮನಸ್ಸು ಕೂಗುತ್ತಿತ್ತು. ಕೈ ನಲ್ಲಿಯ ಹತ್ತಿರ ಹೋಯಿತು, ಇನ್ನೂ ಹತ್ತಿರ ಹೋಯಿತು, ನಾಲ್ಕು ಬೆರಳಿನ ಅಂತರದಲ್ಲಿ ನಿಂತಿತು. ಬೋಳುತಲೆಯ ಮೇಲೆ ಬೆವರು ಮೂಡಿತು.

ಹಿಂದಿನಿಂದ ಎರಡನೆಯ ಹೆಂಡತಿ, “ಬೇಡ್ರೀ, ಪ್ರಾಣಕ್ಕೇ ಬರುತ್ತೆ” ಎಂದಳು.

“ಗೊತ್ತು, ಸುಮ್ನಿರು” ಎಂದ ಭಾವ.

ಬಾಯಿಂದ ಬಿದ್ದ ಮಾತನ್ನು ಹೆಕ್ಕಿಕೊಳ್ಳಲು ಅವನು ಏನೇನೋ ತಡವರಿಸಿದ, ಆಗಲಿಲ್ಲ. ಎರಡನೆಯ ಹೆಂಡತಿ ಅವನನ್ನೇ ನೋಡುತ್ತಾ, ಗೊತ್ತಿತ್ತಾ ಎಂದು ಕೇಳಿದಳು. ಅದೇ ಮೆತ್ತಗಿನ ಧ್ವನಿ. ನಿನ್ನೆ ಮಗಳಿಗೆ ಹೊಡೆದಾಗಲೂ ಗೊತ್ತಿತ್ತಾ ಎಂದಳು.

ವೈರಮ್ಮ ಹೋಗಿ ಮೇನ್ ಆರಿಸಿ ಬಂದಳು. ಅಮ್ಮನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಿಸುವಂತೆ ಮಾಡಿ, ಅವನ ಬಾಯಿಯ ಮುಂದೆ ಹಿಡಿದಳು. ಅವತ್ತು ನಿಮಗೆ ಕೈ ಮುಗಿದವಳಿಗೆ ಹೇಳಿ ಎಂದಳು. ಅವನು ಹೆಂಡತಿಯ ಮುಖ ನೋಡಿದ. ಅಲ್ಲಿ ಅವನಿಗೆ ಆಸರೆ ಸಿಗಲಿಲ್ಲ, ಹೇಳಿ ಎಂದು ಅವಳೂ ಅಂದಳು. “ಅತ್ತೆ, ಅವಳದು ತಪ್ಪಿರಲಿಲ್ಲ. ಪಿನ್ ಕೊಯ್ದಿದ್ದು ನಾನು. ಆಮೇಲೆ ಬದಲಾಯಿಸಿದ್ದೂ ನಾನೇ” ಎಂದ. ಆ ಕಡೆ ಅಮ್ಮ ಫೋನು ಇಟ್ಟುಬಿಟ್ಟಳು.

ವೈರಮ್ಮನಿಗೆ ಹೊಟ್ಟೆ ತಣ್ಣಗಾಯಿತು. ಇಷ್ಟು ವರ್ಷದ ಮೇಲೆ ಇದನ್ನು ಬೇರೆ ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ. ಅವನು ಹಜಾರದ ಮೂಲೆಯಲ್ಲಿ ಕುಗ್ಗಿ ಕೂತದ್ದನ್ನು ಕಣ್ತುಂಬ ನೋಡಿದಳು, ಮತ್ತೆ ಮತ್ತೆ ತಿರುಗಿ ನೋಡಿದಳು. ಕೆಲಸ ಮಾತ್ರ ತಾಯಿ ಮಗಳಿಗಾಗಿ ಅಚ್ಚುಕಟ್ಟಾಗಿ ಮಾಡಿದಳು. ಮೀಟರಿನ ಹತ್ತಿರದಿಂದ ಬಚ್ಚಲವರೆಗೆ ಹಸಿರು ವೈರು ಎಳೆದಳು, ಟ್ರಿಪ್ ಸ್ವಿಚ್ಚಿಗೆ ಕಟ್ಟಿದ್ದ ತುಂಡನ್ನು ಕಿತ್ತಳು, ಸೋರುತ್ತಿದ್ದ ಗೀಸರನ್ನು ಬಿಚ್ಚಿ ಕೆಳಗಿಳಿಸಿದಳು. ಅಷ್ಟು ಹೊತ್ತೂ ಎರಡನೆಯ ಹೆಂಡತಿ ಟಾರ್ಚ್ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಗಂಡ ಊಟಕ್ಕೆ ಕರೆದರೂ ಹೋಗಲಿಲ್ಲ.

ಸಂಜೆ ಮನೆಗೆ ಬಂದಾಗ ವೈರಮ್ಮನ ಕಾಲು ನೆಲದ ಮೇಲಿರಲಿಲ್ಲ. ಅಮ್ಮ ಅಳುತ್ತಿರಬಹುದು, ತಬ್ಬಿಕೊಳ್ಳಬಹುದು, ಕೊನೆಗಾದರೂ ಅವನಿಗೆ ಹಿಡಿ ಶಾಪ ಹಾಕಬಹುದು ಎಂದುಕೊಂಡಿದ್ದಳು. ಅಮ್ಮ ಅಡುಗೆಮನೆಯಲ್ಲಿ ಒಲೆ ಹಚ್ಚದೆ ಸುಮ್ಮನೆ ಕೂತಿದ್ದಳು. ವೈರಮ್ಮ ಚೀಲ ಇಳಿಸಿ, ಈಗಲಾದರೂ ಅವನನ್ನು ಬೈಯಿ ಎಂದಳು. ಅಮ್ಮ ತಲೆಯಾಡಿಸಿದಳು. ನನಗೆ ಅವನನ್ನು ಬೈಯುವ ಬಾಯಿಲ್ಲ ಎಂದಳು.

“ನಿಮ್ಮಕ್ಕ ಹೋಗೋಕೆ ಎಂಟು ದಿನ ಮುಂಚೆ ಇಲ್ಲಿಗೆ ಬಂದಿದ್ಲು, ನೀನು ಇರ್ಲಿಲ್ಲ. ನಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತಮ್ಮಾ, ಅವರು ಯಾರನ್ನೂ ಕರೆಸಲ್ಲ ಅಂತಾರೆ, ನಂಗೆ ಭಯ ಆಗುತ್ತೆ ಅಂದ್ಲು. ಇಷ್ಟಕ್ಕೆಲ್ಲ ಗಂಡನ ಹತ್ರ ಜಗಳ ಆಡ್ತಾರೇನೇ, ಸ್ವಲ್ಪ ಹೊಂದ್ಕೊಂಡು ಹೋಗು ಅಂದೆ.” ಅಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. “ಹೊಂದ್ಕೊಂಡೇ ಹೋದ್ಲು.”

ವೈರಮ್ಮ ಬಾಗಿಲಿಗೆ ಒರಗಿ ನಿಂತಳು. ಅಳಿಯನಿಗೆ ಮುಗಿದ ಕೈಯನ್ನು ಅವಳು ಇಷ್ಟು ವರ್ಷ ತಪ್ಪಾಗಿ ಓದಿದ್ದಳು. ಅಮ್ಮ ಮಗಳ ತಪ್ಪಿಗೆ ಕೈ ಮುಗಿದಿರಲಿಲ್ಲ, ತನ್ನ ತಪ್ಪನ್ನು ಆ ಕೈಯೊಳಗೇ ಮುಚ್ಚಿಟ್ಟಿದ್ದಳು. ಮಧ್ಯಾಹ್ನ ತಣ್ಣಗಾದ ಹೊಟ್ಟೆ ಮತ್ತೆ ಹತ್ತಿಕೊಂಡಿತು. ಹೆತ್ತವಳು, ಮುದುಕಿ, ಹಲ್ಲಿಲ್ಲದವಳು ಎಂದು ಅದು ಆರಲಿಲ್ಲ. ಭಾವನಾದರೋ ಹೊರಗಿನವನು, ಹೋಗಿ ಮುಖದ ನೀರಿಳಿಸಿ ಬಂದದ್ದಾಯಿತು. ಇವಳಿಗೆ ಏನು ಮಾಡುವುದು? “ನನ್ನ ಮೇಲೂ ತೀರಿಸ್ಕೋ” ಎಂದು ಅಮ್ಮನೇ ಹೇಳಿದಳು, ತಲೆಯೆತ್ತದೆ.

ವೈರಮ್ಮ ಆ ರಾತ್ರಿ ಉಣ್ಣಲಿಲ್ಲ. ಬೆಳಿಗ್ಗೆ ಎದ್ದು ತನ್ನ ಕೆಲಸದ ಫೋನನ್ನು ತಂದು ಅಮ್ಮನ ತೊಡೆಯ ಮೇಲಿಟ್ಟಳು. ಇನ್ನು ಮೇಲೆ ಬರುವ ಕರೆಗಳನ್ನೆಲ್ಲ ನೀನೇ ಎತ್ತಬೇಕು, ಮೂರು ಪ್ರಶ್ನೆ ನೀನೇ ಕೇಳಬೇಕು, ಮೂರನೆಯದಕ್ಕೆ ಜುಮ್ ಎಂದರೆ ಏನು ಹೇಳಬೇಕೆಂದು ನಿನಗೆ ಗೊತ್ತು ಎಂದಳು. ಅಮ್ಮ ಬೇಡ ಕಣೇ, ನನ್ನ ಕೈಲಾಗಲ್ಲ ಎಂದು ಗೋಗರೆದಳು. ವೈರಮ್ಮ ಕರಗಲಿಲ್ಲ.

ಮೊದಲ ಎರಡು ಕರೆ ಬಲ್ಬಿನವು. ಮೂರನೆಯದು ಬಂದದ್ದು ಹತ್ತು ಗಂಟೆಗೆ, ಎಳೆಯ ಹೆಣ್ಣಿನ ಧ್ವನಿ. ಅಮ್ಮ ವಾಸನೆ ಕೇಳಿದಳು, ಬಿಸಿ ಕೇಳಿದಳು, ಮುಟ್ಟಿದರೆ ಹೊಡೆಯುತ್ತದೆಯೇ ಎಂದು ಕೇಳಿದಳು. ಆ ಕಡೆಯ ಹುಡುಗಿ ನಕ್ಕು, ಹೊಡೆಯೋದೇನಿಲ್ಲ ಅಜ್ಜಿ, ಸ್ವಲ್ಪ ಜುಮ್ ಅನ್ನುತ್ತೆ ಅಷ್ಟೇ ಎಂದಳು. ಅಮ್ಮ ಫೋನನ್ನು ಮಗಳ ಕಡೆಗೆ ಚಾಚಿದಳು. ಮಗಳು ಎದುರಿಗೇ ನಿಂತಿದ್ದಳು, ಫೋನಿಗೆ ಕೈ ಚಾಚಲಿಲ್ಲ.

“ಹೊಂದ್ಕೋಬೇಡ ಮಗಾ” ಎಂದಳು ಅಮ್ಮ. “ಮೇನ್ ಆಫ್ ಮಾಡು. ಯಾರು ಏನಂದ್ರೂ ಹಾಕಬೇಡ. ಇವಳು ಬರ್ತಾಳೆ.”

ವಿಳಾಸ ಬರೆದುಕೊಳ್ಳುವಾಗ ಅಮ್ಮನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ವೈರಮ್ಮ ಚೀಟಿ ತೆಗೆದುಕೊಂಡು ಹೊರಟಳು. ವಾರಕ್ಕೆ ಎರಡೋ ಮೂರೋ ಅಂಥ ಕರೆ ಈಗಲೂ ಬರುತ್ತವೆ, ಪ್ರತಿ ಸಲವೂ ಅಮ್ಮ ಅಳುತ್ತಾಳೆ, ಫೋನನ್ನು ಮಾತ್ರ ವೈರಮ್ಮ ವಾಪಸ್ಸು ತೆಗೆದುಕೊಂಡಿಲ್ಲ.